ವೈರತ್ತೆ

ಅತ್ತಿಗೆಯ ಫೋನು ಬಂದಾಗ ಅವಳು ಯಾರದೋ ಮನೆಯ ಅಡುಗೆಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು, ತುಟಿಗಳ ನಡುವೆ ಎರಡು ಸ್ಕ್ರೂ ಕಚ್ಚಿಕೊಂಡು, ಗೋಡೆಗೆ ಕೂರಿಸುತ್ತಿದ್ದ ಪುಟ್ಟ ಟೀವಿಯಂಥ ಡಿಸ್‌ಪ್ಲೇಯನ್ನು ಒಂದು ಕೈಯಿಂದ ಒತ್ತಿ ಹಿಡಿದಿದ್ದಳು. ಜೇಬಿನಲ್ಲಿ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು. ಹೀಗೆ ಬಿಡದೆ ಎರಡು ಸಲ ಮಾಡುವವರು ಅತ್ತಿಗೆಯೊಬ್ಬರೇ. ಎತ್ತಬಾರದು ಎಂದುಕೊಂಡಳು. ಎತ್ತದಿದ್ದರೆ ಸಂಜೆಯೊಳಗೆ ಅಣ್ಣ ಫೋನು ಮಾಡುತ್ತಾನೆ. ಬೈಯುವುದಿಲ್ಲ, ಅವನು ಬೈಯುವ ಜಾತಿಯವನಲ್ಲ. 'ನಿನಗೆ ಬಿಡುವಿರಲಿಲ್ಲವೇನೋ, ಪಾಪ' ಎನ್ನುತ್ತಾನೆ. ಆ 'ಪಾಪ'ದ ಮೆತ್ತನೆಯ ಒದ್ದೆ ಸ್ಪರ್ಶ ಮೂರು ದಿನವಾದರೂ ಮೈಯಿಂದ ಹೋಗುವುದಿಲ್ಲ. ಸ್ಕ್ರೂಗಳನ್ನು ಅಂಗೈಗೆ ಉಗುಳಿ ಫೋನು ಎತ್ತಿದಳು.

"ಎಲ್ಲಿದೀಯ? ನಮ್ಮನೆ ಡಿಸ್‌ಪ್ಲೇ ಕೈ ಕೊಟ್ಟಿದೆ ಕಣೇ. ಹತ್ತು ಸೆಕೆಂಡ್ ಓಡತ್ತೆ, ನಿಂತುಬಿಡತ್ತೆ, ಆ ಬಿಳಿ ಚಕ್ರ ತಿರುಗ್ತಾ ಕೂರತ್ತೆ. ಹನ್ನೊಂದಕ್ಕೆ ನಿಮ್ಮಣ್ಣನ ಕಾರ್ಯಕ್ರಮ ಲೈವ್ ಇದೆ. ನನಗಂತೂ ಈ ಮಂಡಿ ಇಟ್ಕೊಂಡು ಅಲ್ಲಿಗೆ ಹೋಗೋಕಾಗ್ಲಿಲ್ಲ. ಅಷ್ಟು ಜನರನ್ನ ಮನೆಗೆ ಕರೆದುಬಿಟ್ಟಿದೀನಿ. ಬೇಗ ಬಾರೇ."

"ಯಾವ ಕಾರ್ಯಕ್ರಮ ಅತ್ತಿಗೆ?"

"ನಿನಗೆ ಹೇಳಿರಲಿಲ್ವಾ? ಅಮ್ಮನ ಪುಸ್ತಕದ್ದು. ಸನ್ಮಾನ. ಹೇಳಿದ್ದೆ ಅನ್ಸತ್ತೆ, ನೀನೇ ಮರ್ತಿದೀಯ."

ಅವಳು ಸ್ಕೂಟರಿನ ಮೇಲೆ ಕೂತಾಗ ಹತ್ತು ಗಂಟೆ ದಾಟಿತ್ತು. ಹೆಲ್ಮೆಟ್ಟಿನೊಳಗೆ ತನ್ನದೇ ಉಸಿರು ಬಿಸಿಯಾಗಿ ಮುಖಕ್ಕೆ ಬಡಿಯುತ್ತಿತ್ತು. ಅಮ್ಮನ ಪುಸ್ತಕ. ಅಣ್ಣ ಅದನ್ನು ವಾರಕ್ಕೊಂದು ಕಂತಿನಂತೆ ಪತ್ರಿಕೆಗೆ ಬರೆದಿದ್ದ. ಹಾಸಿಗೆ ಹಿಡಿದ ತಾಯಿಯನ್ನು ಮಗನೊಬ್ಬ ನಾಲ್ಕು ವರ್ಷ ನೋಡಿಕೊಂಡ ಕಥೆ. ಮೊದಲ ಕಂತನ್ನು ಅವಳು ಓದಿದ್ದು ಗಿರಾಕಿಯೊಬ್ಬರ ಮನೆಯ ಸೋಫಾದಲ್ಲಿ, ಅವರ ಡಿಸ್‌ಪ್ಲೇ ಮತ್ತೆ ಚಾಲೂ ಆಗುವುದನ್ನು ಕಾಯುತ್ತ. ಅಮ್ಮ ಮಾತ್ರೆ ನುಂಗಿದಂತೆ ನಟಿಸಿ ದಿಂಬಿನ ಚೀಲದೊಳಗೆ ತೂರಿಸುತ್ತಿದ್ದಳು, ಒಗೆಯಲು ಹಾಕುವಾಗ ಒಂದೇ ಸಲ ಹನ್ನೊಂದು ಮಾತ್ರೆ ಉದುರಿದವು ಎಂದು ಅದರಲ್ಲಿತ್ತು. ಓದುತ್ತ ನಗು ಬಂತು, ಹೌದಲ್ಲ ಎನಿಸಿತು, ಆಮೇಲೆ ಕಣ್ಣು ಮತ್ತೆ ಮೇಲಿನ ಸಾಲಿಗೆ ಹೋಯಿತು. 'ನಾನು ದಿಂಬಿನ ಚೀಲ ಕೊಡವಿದಾಗ.' ಕೊಡವಿದವಳು ಅವಳು. ಭಾನುವಾರದ ಫೋನಿನಲ್ಲಿ ನಗುನಗುತ್ತ ಅಣ್ಣನಿಗೆ ಹೇಳಿದವಳು ಅವಳು. ಪ್ರತಿ ಭಾನುವಾರ ಅವನು ಕೇಳುತ್ತಿದ್ದ, ಆಮೇಲೆ ಏನಾಯ್ತು, ಅಮ್ಮ ಏನಂದ್ಲು, ನೀನೇನಂದೆ. ಅಣ್ಣನಿಗೆ ಎಷ್ಟು ಅಕ್ಕರೆ ಎಂದುಕೊಂಡು ಅವಳು ಒಂದನ್ನೂ ಬಿಡದೆ ಹೇಳುತ್ತಿದ್ದಳು. ಅವನ ಮನೆ ಇದ್ದದ್ದು ಇಪ್ಪತ್ತು ನಿಮಿಷದ ದಾರಿಯಲ್ಲಿ. ಅವನು ಬರುತ್ತಿದ್ದುದು ತಿಂಗಳಿಗೊಮ್ಮೆ. ಬಂದವನು ಬೆನ್ನುನೋವೆಂದು ಬಾಗಿಲಿಗೆ ಆತುಕೊಂಡೇ ನಿಲ್ಲುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ತನ್ನನ್ನೇ ನೋಡುತ್ತಿರುವುದು ಗೊತ್ತಾಯಿತು. ಅವಳು ಹೆಲ್ಮೆಟ್ಟಿನೊಳಗೆ ಜೋರಾಗಿ ಮಾತಾಡುತ್ತಿದ್ದಳು.

ಬಾಗಿಲು ತೆಗೆದ ಅತ್ತಿಗೆ ಹೊಸ ಸೀರೆಯಲ್ಲಿದ್ದರು. ಒಳಗಿನ ನೆಂಟರ ಕಡೆ ತಿರುಗಿ, "ಬಂದ್ಲಪ್ಪ ನಮ್ಮ ವೈರತ್ತೆ, ಇನ್ನು ಚಿಂತೆ ಇಲ್ಲ" ಎಂದರು. ಎಲ್ಲರೂ ನಕ್ಕರು. ಅಣ್ಣನ ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ಇಟ್ಟ ಹೆಸರದು. ಯಾವಾಗಲೂ ಹೆಗಲ ಚೀಲದಿಂದ ವೈರು ಜೋತಾಡುತ್ತ ಬರುವ ಅತ್ತೆ, ವೈರತ್ತೆ. ಈಗ ಅವರಿಬ್ಬರೂ ಹಾಸ್ಟೆಲಿನಲ್ಲಿ ಓದುತ್ತಿದ್ದರು, ಹೆಸರು ಮಾತ್ರ ಈ ಮನೆಯಲ್ಲಿ ಉಳಿದುಕೊಂಡಿತ್ತು. ಮಕ್ಕಳು ಕರೆಯುವಾಗ ಅದರಲ್ಲಿ ವೈರು ಮಾತ್ರವಿತ್ತು. ಇತ್ತೀಚೆಗೆ ಅದನ್ನು ಕೇಳಿದಾಗಲೆಲ್ಲ ಇನ್ನೊಂದು ಶಬ್ದ, ಹಳೆಯ ಕಥೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಶಬ್ದ, ಕಿವಿಯಲ್ಲಿ ತಣ್ಣಗೆ ನಿಲ್ಲುತ್ತಿತ್ತು. ಇವರು ತಿಳಿಯದೆಯೇ ಸರಿಯಾಗಿ ಕರೆಯುತ್ತಿದ್ದಾರೆ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಡಿಸ್‌ಪ್ಲೇ ಊಟದ ಮೇಜಿನ ಪಕ್ಕದ ಕಟ್ಟೆಯ ಮೇಲಿತ್ತು. ಸುಮ್ಮನಿದ್ದಾಗ ಅದು ಮನೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿತ್ತು. ಅತ್ತಿಗೆ ಸಮುದ್ರದ ಎದುರು. ಮಕ್ಕಳು ಸೈಕಲ್ಲಿನ ಮೇಲೆ. ಅಣ್ಣ ಯಾರಿಗೋ ಕೈಕುಲುಕುತ್ತ. ಅಮ್ಮ ಗಾಲಿಕುರ್ಚಿಯಲ್ಲಿ, ಹಸಿರು ಶಾಲು ಹೊದ್ದು, ಪಕ್ಕದಲ್ಲಿ ಬಗ್ಗಿ ನಿಂತ ಅಣ್ಣ. ಆ ಫೋಟೋ ಅವಳಿಗೆ ಗೊತ್ತು, ಅದರಲ್ಲಿ ಮೂವರಿದ್ದರು. ಈಗ ಎಡಗಡೆ ಚೌಕಟ್ಟಿನ ಅಂಚಿನಿಂದ ಒಂದು ಕೈ ಮಾತ್ರ ಬಂದು ಅಮ್ಮನ ಭುಜದ ಮೇಲೆ ಕೂತಿತ್ತು. ಉಗುರಿನಲ್ಲಿ ಕಪ್ಪು ಕೊಳೆಯಿದ್ದ, ಹೆಬ್ಬೆರಳಿಗೆ ಪಟ್ಟಿ ಸುತ್ತಿದ್ದ ಕೈ. ಕತ್ತರಿಸಿದವರಿಗೆ ಅದನ್ನು ತೆಗೆಯಲಾಗಿರಲಿಲ್ಲ. ತೆಗೆಯಬೇಕೆಂದರೆ ಅಮ್ಮನ ಭುಜವನ್ನೂ ತೆಗೆಯಬೇಕಾಗುತ್ತಿತ್ತು. ಎಂಟು ಸೆಕೆಂಡಿನ ನಂತರ ಕೈ ಹೋಗಿ ಒಂದು ಕೇಕು ಬಂತು.

ಕೆಲಸ ಕೈಗಳಿಗೆ ಗೊತ್ತಿತ್ತು, ತಲೆಯನ್ನು ಕೇಳಲಿಲ್ಲ. ಡಿಸ್‌ಪ್ಲೇಯನ್ನು ಆರಿಸಿ ಹಚ್ಚಿದಳು. ಕಾರ್ಯಕ್ರಮ ತೋರಿಸುವ ಆ್ಯಪ್ ಎರಡು ವರ್ಷ ಹಳೆಯದಿತ್ತು, ಹೊಸದು ಹಾಕಿದಳು. ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದಳು. ಆದರೂ ಚಕ್ರ ತಿರುಗಿತು. ಆಮೇಲೆ ವೈಫೈ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದಳು. ಕಳೆದ ಸಲ ಅವಳೇ ಗೋಡೆಯ ಎತ್ತರದಲ್ಲಿ ಕೂರಿಸಿದ್ದ ಪೆಟ್ಟಿಗೆ ಅಲ್ಲಿರಲಿಲ್ಲ. ಹಜಾರದ ಮೂಲೆಯಲ್ಲಿ ಹೊಸದಾಗಿ ಬಂದಿದ್ದ ದೊಡ್ಡ ಮೀನಿನ ತೊಟ್ಟಿಯ ಹಿಂದೆ, ನೆಲದ ಮೇಲೆ ಮಕಾಡೆ ಬಿದ್ದಿತ್ತು.

"ಅತ್ತಿಗೆ, ಇದನ್ನ ಇಲ್ಲಿಗೆ ಯಾಕೆ ಹಾಕಿದ್ರಿ? ನೀರು ಸಿಗ್ನಲ್ಲನ್ನ ನುಂಗಿಬಿಡತ್ತೆ."

"ಅಯ್ಯೋ, ಆ ಕಡ್ಡಿ ಎಲ್ಲ ನಿಗುರಿಸ್ಕೊಂಡು ಗೋಡೆ ಮೇಲೆ ಜಿರಳೆ ಥರ ಕಾಣ್ತಿತ್ತು ಕಣೇ. ಚೆನ್ನಾಗಿ ಕಾಣದೇ ಇರೋದನ್ನೆಲ್ಲ ಹಿಂದೆ ಇಟ್ಬಿಡೋದು ನಾನು."

ಅವಳು ತೊಟ್ಟಿಯ ಹಿಂದೆ ಕೈಯಿಟ್ಟಳು. ಕಿತ್ತಳೆ ಬಣ್ಣದ ಮೀನೊಂದು ಗಾಜಿಗೆ ಬಂದು ಅವಳನ್ನು ದಿಟ್ಟಿಸಿತು. ಪೆಟ್ಟಿಗೆಯನ್ನು ಮೇಲಕ್ಕೆತ್ತಿ ಹಳೆಯ ಜಾಗದಲ್ಲೇ ಕೂರಿಸಿ, ದೀಪಗಳು ಒಂದೊಂದಾಗಿ ಹಸಿರಾಗುವುದನ್ನು ನೋಡುತ್ತ ನಿಂತಳು. ಹೀಗೆ ದೀಪ ಹಸಿರಾಗುವುದನ್ನು, ಅಂಕಿ ಏರುವುದನ್ನು ನೋಡುತ್ತ ನಿಲ್ಲುವುದರಲ್ಲಿ ಒಂದು ಸುಖವಿದೆ, ಅದನ್ನು ಅವಳು ಯಾರಿಗೂ ಹೇಳಿಲ್ಲ. ಅಮ್ಮನ ಕೊನೆಯ ದಿನ ಮಧ್ಯಾಹ್ನವೂ ಅದೇ. ಮನೆಯ ಮುಂದಿನ ಕೋಣೆಯಲ್ಲಿ ಗಿರಾಕಿಯ ಡಿಸ್‌ಪ್ಲೇ ಬಿಚ್ಚಿ ಕೂತಿದ್ದಳು. ಅಪ್‌ಡೇಟ್ ಅರುವತ್ತೆರಡು ಪರ್ಸೆಂಟು. ಒಳಗಿನಿಂದ ಅಮ್ಮ ಕರೆದಳು. "ಬಂದೆ ಇರಮ್ಮ" ಎಂದಳು. ಎಪ್ಪತ್ತು. ಅಮ್ಮ ಇನ್ನೊಂದು ಸಲ ಕರೆದಳು, ದಿನಕ್ಕೆ ನಲವತ್ತು ಸಲ ಕರೆಯುವ ಹಾಗೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಂಬತ್ತೊಂದು. ಆ ಡಿಸ್‌ಪ್ಲೇಗೆ ಅವಳು ಎದುರು ಕೂತಿರುವ ಅಗತ್ಯವಿರಲಿಲ್ಲ, ಅದು ತಾನಾಗಿಯೇ ಮುಗಿಯುತ್ತಿತ್ತು. ಅವಳಿಗೆ ಏಳಲು ಮನಸ್ಸಿರಲಿಲ್ಲ, ಅಷ್ಟೇ. ನೂರಾದ ಮೇಲೆ ಕೈ ಒರೆಸಿಕೊಂಡು ಒಳಗೆ ಹೋದಳು. ಅಮ್ಮನ ಮುಖ ಬಾಗಿಲ ಕಡೆಗೆ ತಿರುಗಿತ್ತು. ಅದನ್ನು ಅವಳು ಯಾವ ಭಾನುವಾರವೂ ಅಣ್ಣನಿಗೆ ಹೇಳಲಿಲ್ಲ. 'ಮೆಷೀನು ಮುಂದೆ ಕೂತಿದ್ಲು, ಹೆತ್ತ ತಾಯಿ ಹೋಗಿದ್ದೇ ಗೊತ್ತಾಗ್ಲಿಲ್ಲ' ಎಂದು ಅತ್ತಿಗೆ ಹದಿಮೂರನೆಯ ದಿನದೊಳಗೆ ಹತ್ತು ಜನರ ಹತ್ತಿರ ಹೇಳಿದ್ದರು. ಅತ್ತಿಗೆಗೆ ಏನೂ ಗೊತ್ತಿರಲಿಲ್ಲ, ಊಹೆ ಮಾತ್ರ. ಊಹೆ ನಿಜವಾಗಿದ್ದುದರಿಂದಲೇ ಅವಳು ಅವರನ್ನು ಕ್ಷಮಿಸಲಾರದೆ ಹೋಗಿದ್ದಳು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಎಲ್ಲ ಸರಿಯಾಗಿತ್ತು. ಕಾರ್ಯಕ್ರಮದವರು ಕಳಿಸಿದ್ದ ಕೋಡನ್ನು ಎರಡೇ ಕಡೆ ಹಾಕಬಹುದಿತ್ತು. ಒಂದು ಕಡೆ ಡಿಸ್‌ಪ್ಲೇಗೆ ಹಾಕಿದಳು, ಇನ್ನೊಂದನ್ನು ಪರೀಕ್ಷೆಗೆಂದು ತನ್ನ ಫೋನಿಗೆ ಹಾಕಿಕೊಂಡಳು. ವೇದಿಕೆ, ಹೂವು, ಖಾಲಿ ಕುರ್ಚಿಗಳು ಎಲ್ಲೂ ತಡವರಿಸದೆ ಬರುತ್ತಿದ್ದವು. ಅವಳ ಫೋನಿನಲ್ಲಿ ಇನ್ನೊಂದು ಆ್ಯಪ್ ಇತ್ತು. ಆ ಮನೆಯ ವೈಫೈಗೆ ಸೇರಿಕೊಂಡ ಎಲ್ಲ ಸಾಧನಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಸಣ್ಣ ಗುಂಡಿ. ಒತ್ತಿದರೆ ಆ ಒಂದು ಸಾಧನಕ್ಕೆ ಮಾತ್ರ ಇಂಟರ್ನೆಟ್ ನಿಲ್ಲುತ್ತದೆ. 'ಊಟದ ಮನೆ ಡಿಸ್‌ಪ್ಲೇ' ಎಂಬ ಸಾಲಿನ ಮೇಲೆ ಹೆಬ್ಬೆರಳು ತಾನಾಗಿ ಹೋಗಿ ನಿಂತಿತು. ಅದು ಇಷ್ಟು ಸುಲಭವೆಂದು ತಿಳಿದಾಗ ಅವಳ ಹೊಟ್ಟೆಯೊಳಗೆ ಏನೋ ಬೆಚ್ಚಗೆ ಹರಡಿತು, ಚಳಿಯಲ್ಲಿ ಮೊದಲ ಗುಟುಕು ಟೀ ಇಳಿದ ಹಾಗೆ.

"ಆಯ್ತಾ? ಹಾಗಾದ್ರೆ ನೀನು ಹೊರಡೋದಿದ್ರೆ ಹೊರಡು, ನಿನ್ನ ಕೆಲಸ ಕೆಡಿಸಿದ ಹಾಗಾಯ್ತು" ಎಂದರು ಅತ್ತಿಗೆ, ಟೀ ಲೋಟಗಳ ತಟ್ಟೆ ಹಿಡಿದು. ತಟ್ಟೆಯಲ್ಲಿ ಅವಳ ಲೆಕ್ಕದ ಲೋಟ ಇರಲಿಲ್ಲ.

"ಶುರುವಾಗೋವರೆಗೂ ಇರ್ತೀನಿ ಅತ್ತಿಗೆ. ಮತ್ತೆ ನಿಂತ್ರೆ ಕಷ್ಟ."

ಕುರ್ಚಿಗಳೆಲ್ಲ ತುಂಬಿದ್ದವು. ಅತ್ತಿಗೆಯ ಇಬ್ಬರು ತಂಗಿಯರು, ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮತ್ತು ಅವರ ಹೆಂಡತಿ, ಇನ್ನೂ ಮೂರು ನಾಲ್ಕು ಜನ. ಎಲ್ಲರಿಗಿಂತ ಮುಂದೆ, ಡಿಸ್‌ಪ್ಲೇಗೆ ಮೂಗು ತಾಗುವಷ್ಟು ಹತ್ತಿರ ದೊಡ್ಡಮ್ಮ, ಅಮ್ಮನ ಅಕ್ಕ. ಎಂಬತ್ತು ದಾಟಿದ ಜೀವ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಕೂಗಿ ಹೇಳಬೇಕು. ತಂಗಿಯ ಬಗ್ಗೆ ಏನು ಹೇಳುತ್ತಾರೋ ಕೇಳಬೇಕೆಂದು ಮೊಮ್ಮಗನ ಕಾರಿನಲ್ಲಿ ಬಂದು ಇಳಿದಿದ್ದರು. ಅವಳು ದೊಡ್ಡಮ್ಮನ ಕುರ್ಚಿಯ ಹಿಂದೆ ಗೋಡೆಗೆ ಒರಗಿ ನಿಂತಳು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಸ್ವಾಗತ, ಪರಿಚಯ, ಶಾಲು, ಚಪ್ಪಾಳೆ. ಅಣ್ಣ ಎದ್ದು ಬಂದ. ಬಿಳಿ ಅಂಗಿ, ಹೊಸ ಕನ್ನಡಕ. ಮೈಕನ್ನು ಸರಿಮಾಡಿಕೊಂಡು ಕ್ಯಾಮರಾದತ್ತ ನೇರವಾಗಿ ನೋಡಿದ. ಒಂದು ಕ್ಷಣ ಅವಳಿಗೆ, ಇವನು ಈಗ ನಿಜ ಹೇಳಿಬಿಡುತ್ತಾನೆ, ಎಲ್ಲರೆದುರು ಹೇಳಿಬಿಡುತ್ತಾನೆ ಎನಿಸಿತು. ಇವನೇ ಅಲ್ಲವೇ ಒಂದನೇ ಕ್ಲಾಸಿನಲ್ಲಿ ಅವಳ ಶೂ ಲೇಸು ಕಟ್ಟುತ್ತಿದ್ದವನು, ಅವಳು ಹರಿದ ಪುಸ್ತಕಕ್ಕೆ ತಾನು ಪೆಟ್ಟು ತಿಂದವನು.

"ನಾನು ನನ್ನ ತಾಯಿಗೆ ತಾಯಿಯಾದೆ" ಎಂದ ಅಣ್ಣ.

ಅತ್ತಿಗೆಯ ತಂಗಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಡೆಗೆ ಒರಗಿದ್ದ ಅವಳು ಫೋನಿನ ಗುಂಡಿ ಒತ್ತಿದಳು.

ಅಣ್ಣ ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಸೀನು ಬಂದವನಂತೆ ನಿಂತುಬಿಟ್ಟ. ಅವನ ಮೂಗಿನ ಮೇಲೆ ಬಿಳಿ ಚಕ್ರ ತಿರುಗತೊಡಗಿತು. ಯಾರೋ ಕಿಸಕ್ಕೆಂದರು. ಆ ಸದ್ದು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಕಣ್ಣು ಮುಚ್ಚಿಕೊಂಡಳು.

"ಏ, ನೋಡೇ! ಮತ್ತೆ!" ಅತ್ತಿಗೆ ತಟ್ಟೆ ಕೆಳಗಿಟ್ಟರು.

ಅವಳು ಡಿಸ್‌ಪ್ಲೇಯ ಮುಂದೆ ಬಗ್ಗಿ ಹಿಂದಿನ ವೈರು ಎಳೆದಳು, ಚುಚ್ಚಿದಳು, ಗಂಭೀರವಾಗಿ ತಲೆಯಾಡಿಸಿದಳು. "ಆ ಕಡೆಯಿಂದಲೇ ತೊಂದ್ರೆ ಅನ್ಸತ್ತೆ. ಕಾಯ್ಬೇಕು."

"ನಿಮ್ಮ ಫೋನಲ್ಲಿ ಬರ್ತಿದೆಯಲ್ಲ, ಅದನ್ನೇ ಜೋರಾಗಿಡಿ" ಎಂದರು ಮ್ಯಾನೇಜರ್.

"ಇದ್ರಲ್ಲೂ ತುಂಡು ತುಂಡಾಗಿ ಬರ್ತಿದೆ ಸಾರ್. ಕಿವಿಗಿಟ್ರೆ ಮಾತ್ರ ಅಲ್ಪಸ್ವಲ್ಪ ತಿಳಿಯತ್ತೆ."

ಅವಳೆಣಿಸಿದಂತೆ ಅಲ್ಲಿ ಯಾರೂ ತಳಮಳಿಸಲಿಲ್ಲ. ಮ್ಯಾನೇಜರ್ ಒಂದು ಬಿಸ್ಕತ್ತು ಎತ್ತಿಕೊಂಡರು. ತಂಗಿಯರು ಸೀರೆಯ ಮಾತಿಗಿಳಿದರು. ಅಣ್ಣ ನಿಂತುಹೋದದ್ದರಿಂದ ಅವರಿಗೆಲ್ಲ ಒಂದು ಬಗೆಯ ಬಿಡುಗಡೆಯೇ ಆದಂತಿತ್ತು. ಅವಳಿಗೆ ಬೆಪ್ಪಾದಂತಾಯಿತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಬೀಸಿ ಒಗೆದರೆ ಅದು ಯಾರಿಗೂ ತಾಗದೆ ಹತ್ತಿಯ ಮೇಲೆ ಬಿದ್ದಿತ್ತು.

ದೊಡ್ಡಮ್ಮ ಮಾತ್ರ ಕುರ್ಚಿಯಲ್ಲಿ ಹೊರಳಿ ಅವಳ ಕೈ ಹಿಡಿದರು. "ನಿನ್ನ ಕಿವಿಗೆ ಬರ್ತಿದೆಯಲ್ಲೇ. ಏನಂತಾನೆ ಅವನು? ನನ್ನ ತಂಗಿ ವಿಷಯ ಏನಂತಾನೆ? ಹೇಳು."

"ಆಮೇಲೆ ಹೇಳ್ತೀನಿ ದೊಡ್ಡಮ್ಮ."

"ಏನು?"

"ಆಮೇಲೆ!"

"ಆಮೇಲೆ ನಾನಿರ್ತೀನೋ ಇಲ್ವೋ. ಈಗ ಹೇಳು."

ಅವಳು ಮಂಡಿಯೂರಿ ದೊಡ್ಡಮ್ಮನ ಎಡಗಿವಿಗೆ ಬಾಯಿಟ್ಟಳು. ಕಿವಿಯಲ್ಲಿ ಅಣ್ಣ ಹೇಳುತ್ತಿದ್ದ: 'ಬೆಳಗಾಗುವುದರೊಳಗೆ ನಾನೆದ್ದು ಅಮ್ಮನ ಬೆನ್ನಿಗೆ ಪುಡಿ ಹಾಕುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದು ಹುಣ್ಣಾಗಲು ಬಿಡಲಿಲ್ಲ.' ಅವಳು ಕೂಗಿದಳು. "ಬೆಳಗಾಗೋದ್ರೊಳಗೆ ನನ್ನ ತಂಗಿ ಎದ್ದು ಅಮ್ಮನ ಬೆನ್ನಿಗೆ ಪುಡಿ ಹಾಕ್ತಿದ್ಲು ಅಂತಿದಾನೆ! ಒಂದು ಹುಣ್ಣಾಗಕ್ಕೂ ಬಿಡ್ಲಿಲ್ಲ ಅಂತ!"

ಸೀರೆಯ ಮಾತು ನಿಂತಿತು. ಅತ್ತಿಗೆ ತಿರುಗಿ ನೋಡಿದರು. ಅವಳು ಮೊದಲು ಅದನ್ನು ಬೇಕೆಂದು ಮಾಡಿರಲಿಲ್ಲ; ನಾಲಿಗೆ ಒಂದು ಶಬ್ದವನ್ನು ಎತ್ತಿ ಅದರ ಜಾಗದಲ್ಲಿ ಇನ್ನೊಂದನ್ನಿಟ್ಟಿತ್ತು. ಈಗ ರುಚಿ ಹತ್ತಿತು. 'ನಾನು ಹತ್ತಿಯನ್ನು ನೀರಿನಲ್ಲಿ ಅದ್ದಿ' ಎಂದ ಅಣ್ಣ. "ನನ್ನ ತಂಗಿ ಹತ್ತೀನ ನೀರಲ್ಲಿ ಅದ್ದಿ ತುಟಿಗೆ ಒತ್ತುತಿದ್ಲು!" ಎಂದು ಅವಳು ಕೂಗಿದಳು. 'ನನ್ನ ಮದುವೆ, ಮನೆ, ನೌಕರಿ ಎಲ್ಲ ಎರಡನೆಯದಾಯಿತು' ಎಂದ. "ಅವಳು ಮದುವೆ ಬೇಡ ಅಂದ್ಲು, ಅಂಗಡೀಲಿದ್ದ ಕೆಲಸ ಬಿಟ್ಟು ಮನೇಲೇ ರಿಪೇರಿ ಶುರು ಮಾಡಿದ್ಲು! ನಾನು ಬೆನ್ನುನೋವು ಅಂತ ಬಾಗಿಲಲ್ಲೇ ನಿಲ್ತಿದ್ದೆ, ಅಂತಿದಾನೆ ದೊಡ್ಡಮ್ಮ! ಸಭೇಲೇ ಹೇಳ್ತಿದಾನೆ!" ಅವನ ಒಂದೊಂದು ವಾಕ್ಯವೂ ಮುಟ್ಟಿದೊಡನೆ ನಿಜವಾಗುತ್ತಿತ್ತು, ಎಲ್ಲೋ ತಪ್ಪು ಜಾಗಕ್ಕೆ ಹೋಗಿದ್ದ ವೈರನ್ನು ಕಿತ್ತು ಸರಿಯಾದ ಜಾಗಕ್ಕೆ ಚುಚ್ಚಿದೊಡನೆ ದೀಪ ಹತ್ತುವಂತೆ. ಗಂಟಲು ಉರಿಯುತ್ತಿತ್ತು. ಅತ್ತಿಗೆಯ ಮುಖದ ಬಣ್ಣ ಇಳಿಯುವುದನ್ನು ಅವಳು ಕಣ್ಣಂಚಿನಲ್ಲಿ ನೋಡಿದಳು, ಇನ್ನೂ ಇಳಿಯಲಿ ಎಂದುಕೊಂಡಳು. 'ಕೊನೆಯ ಗಳಿಗೆಯಲ್ಲಿ,' ಅಣ್ಣನ ದನಿ ಒಡೆಯಿತು, 'ಅಮ್ಮನ ಕೈ ನನ್ನ ಕೈಯಲ್ಲಿತ್ತು.'

"ಕೊನೇ ಗಳಿಗೇಲಿ ಅಮ್ಮನ ಕೈ ತಂಗಿ ಕೈಯಲ್ಲಿತ್ತು!" ಎಂದು ಕೂಗಿದಳು.

ಕೂಗಿದ ಮೇಲೆ ಅದು ಕೇಳಿಸಿತು. ಕಿವಿಯಲ್ಲಿ ಚಪ್ಪಾಳೆ ಮಳೆಯಂತೆ ಸುರಿಯುತ್ತಿತ್ತು. ಮ್ಯಾನೇಜರ್, "ದೊಡ್ಡ ಮನುಷ್ಯ ರೀ ನಿಮ್ಮ ಯಜಮಾನರು, ಒಡಹುಟ್ಟಿದವಳಿಗೆ ಸಭೇಲಿ ಹೀಗೆ ಮರ್ಯಾದೆ ಕೊಡೋರು ಎಷ್ಟು ಜನ" ಎಂದು ಅತ್ತಿಗೆಗೆ ಹೇಳಿದರು. ದೊಡ್ಡಮ್ಮ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದರು. ಕಿವಿ ಹೋದವರು ಮುಖವನ್ನು ನೋಡುವ ರೀತಿ ಬೇರೆ.

"ಕೈ ಹಿಡ್ಕೊಂಡಿದ್ದು ಅವನಿಗೆ ಹೇಗೆ ಗೊತ್ತು?" ಎಂದರು. ಕಿವುಡರ ಗಟ್ಟಿ ದನಿ ಕೋಣೆಯ ತುಂಬ ನಿಂತಿತು. "ಸುದ್ದಿ ಬಂದಾಗ ಅವನು ನಮ್ಮನೇಲಿ ಊಟಕ್ಕೆ ಕೂತಿದ್ದ. ಅರ್ಧ ಊಟದಲ್ಲಿ ಎದ್ದ. ನಾನೇ ಕೈಗೆ ನೀರು ಹಾಕ್ದೆ. ನೀನಿದ್ಯಾ ಅಲ್ಲಿ? ಅವಳ ಕೈ ಹಿಡ್ಕೊಂಡಿದ್ಯಾ?"

"ಇಲ್ಲ" ಎಂದಳು.

"ಏನು?"

ಇನ್ನೊಮ್ಮೆ ಹೇಳದೆ ಉಪಾಯವಿರಲಿಲ್ಲ. ಮೆಲ್ಲಗೆ ಹೇಳುವಂತೆಯೂ ಇರಲಿಲ್ಲ.

"ಇಲ್ಲ! ನಾನಿರ್ಲಿಲ್ಲ!" ಎಂದು ಕೂಗಿದಳು. "ಅಮ್ಮ ಕರೆದ್ಲು. ಎರಡು ಸಲ ಕರೆದ್ಲು. ಬಂದೆ ಅಂದೆ, ಹೋಗ್ಲಿಲ್ಲ. ಮೆಷೀನ್ ಮುಂದೆ ಕೂತಿದ್ದೆ. ಸುಮ್ನೆ ಕೂತಿದ್ದೆ!"

ಅವಳು ಕಿವಿಯಿಂದ ಇಯರ್‌ಫೋನ್ ಕಿತ್ತು ತೆಗೆದಳು. ಎದೆಯಲ್ಲಿ, ವಾಂತಿಯಾದ ಮೇಲೆ ಆಗುವಂಥ, ನಾಚಿಕೆಗೆಟ್ಟ ಹಗುರ.

"ನಾನು ಅವತ್ತೇ ಹೇಳಿದ್ನಲ್ಲ" ಎಂದರು ಅತ್ತಿಗೆ. ದನಿಯಲ್ಲಿ ಕೋಪಕ್ಕಿಂತ ಸಮಾಧಾನ ಹೆಚ್ಚಾಗಿತ್ತು. "ಮೆಷೀನ್ ಮುಂದೆ ಕೂತಿದ್ಲು ಅಂತ. ಆಗ ನನ್ನನ್ನೇ ಕೆಟ್ಟವಳು ಮಾಡಿದ್ರಿ ಎಲ್ರೂ."

ದೊಡ್ಡಮ್ಮನಿಗೆ ಅದು ಹೇಗೆ ಕೇಳಿಸಿತೋ. ಅತ್ತಿಗೆಯ ಕಡೆ ತಿರುಗಿ, "ನಾಲ್ಕು ವರ್ಷ ನೀನೆಲ್ಲಿ ಕೂತಿದ್ಯಮ್ಮ?" ಎಂದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, ಗುಟ್ಟೆಂದು ತಾವು ಭಾವಿಸಿದ ದನಿಯಲ್ಲಿ ಹೇಳಿದರು. "ಅವನು ಹೀಗೆಲ್ಲ ಹೇಳಿರಲ್ಲ ಬಿಡು. ಅವನು ಅಷ್ಟು ಒಳ್ಳೆಯವನಲ್ಲ."

ಅತ್ತಿಗೆಯ ಫೋನು ಹೊಡೆದುಕೊಂಡದ್ದು ಆಗ. ಅಣ್ಣ. ಮಾತು ಬದಲಾಯಿಸಲು ಸಿಕ್ಕಿದ್ದೇ ಸಾಕೆಂಬಂತೆ ಅತ್ತಿಗೆ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಹೇಗಿತ್ತೇ?" ಅಣ್ಣನ ದನಿ ಇನ್ನೂ ವೇದಿಕೆಯ ಮೇಲೆಯೇ ಇತ್ತು. "ಎಲ್ರೂ ನೋಡಿದ್ರಾ? ಇಲ್ಲಿ ಅರ್ಧ ಹಾಲ್ ಅಳ್ತಿತ್ತು ಕಣೇ. ಅಲ್ಲಿ?"

"ಮಧ್ಯದಲ್ಲಿ ನಿಂತುಹೋಯ್ತು ರೀ. ನಿಮ್ಮ ತಂಗಿ ಫೋನಲ್ಲಿ ಕೇಳಿ ಹೇಳಿದ್ಲು." ಅತ್ತಿಗೆ ಅವಳನ್ನೊಮ್ಮೆ, ನೆಂಟರನ್ನೊಮ್ಮೆ ನೋಡಿದರು. "ಅವಳ ಬಗ್ಗೇನೇ ಹೇಳಿದ್ರಂತಲ್ಲ. ಅವಳೇ ಎಲ್ಲ ಮಾಡಿದ್ದು, ನೀವು ಬಾಗಿಲಲ್ಲಿ ನಿಲ್ತಿದ್ರಿ ಅಂತೆಲ್ಲ. ನಿಜವಾಗ್ಲೂ ಹೇಳಿದ್ರಾ?"

ಫೋನಿನಲ್ಲಿ ಸಭಾಂಗಣದ ಗದ್ದಲ, ಯಾರೋ ಅವನನ್ನು 'ಸಾರ್, ಒಂದು ಫೋಟೋ' ಎಂದು ಕರೆಯುವುದು ಕೇಳಿತು. ಈಗ ಅವನು 'ಇಲ್ಲ' ಎನ್ನಬೇಕು. ಅಂದರೆ ತಂಗಿಯ ಬಗ್ಗೆ ತಾನು ಏನೂ ಹೇಳಲಿಲ್ಲವೆಂದು ಇಷ್ಟು ಜನರೆದುರು ಒಪ್ಪಿಕೊಂಡಂತಾಗುತ್ತದೆ. ಈ ಬಲೆಯನ್ನು ತಾನು ಹೆಣೆದೇ ಇರಲಿಲ್ಲ, ಆದರೂ ಅವನು ಅದರೊಳಗೆ ನಿಂತಿದ್ದ.

"ಮ್ಯಾನೇಜರ್ರೂ ಇದಾರೆ ಇಲ್ಲಿ. ನಿಮ್ಮನ್ನ ಬಾಯ್ತುಂಬ ಹೊಗಳ್ತಿದಾರೆ" ಎಂದರು ಅತ್ತಿಗೆ.

"ಹೂಂ" ಎಂದ ಅಣ್ಣ. ದನಿ ನಿಧಾನವಾಗಿ ಮೆತ್ತಗಾಯಿತು. "ಹೇಳ್ದೆ ಕಣೇ. ಹೇಳ್ಬೇಕಲ್ಲ? ಅವಳದ್ದೂ ಒಂದಷ್ಟಿದೆಯಲ್ಲ ಪಾಪ."

ಮ್ಯಾನೇಜರ್ ಚಪ್ಪಾಳೆ ತಟ್ಟಿದರು, ಇಬ್ಬರು ಮೂವರು ಸೇರಿಕೊಂಡರು. ಅತ್ತಿಗೆಯ ಕಣ್ಣಲ್ಲಿ ಹೆಮ್ಮೆಯ ನೀರು ಬಂದಿತ್ತು. ದಿಂಬಿನ ಮಾತ್ರೆಗಳನ್ನು, ಹತ್ತಿಯನ್ನು, ಪುಡಿಯನ್ನು ಎತ್ತಿಕೊಂಡ ಹಾಗೆಯೇ ಅವನು ಅವಳ ಸುಳ್ಳನ್ನೂ ಎತ್ತಿಕೊಂಡಿದ್ದ, ಅದೂ ತನ್ನದೇ ಎಂಬಷ್ಟು ಸಲೀಸಾಗಿ, ಒಂದು ಹೂಂ ಎಂದು. ಅವಳಿಗೆ ಕೂಗಬೇಕೆನಿಸಲಿಲ್ಲ. ಕೆಲಸದ ನಡುವೆ ದೋಷ ಎಲ್ಲಿದೆಯೆಂದು ಕೊನೆಗೂ ಕೈಗೆ ತಿಳಿದಾಗ ಬರುವ ತಣ್ಣನೆಯ ನಿಶ್ಚಯ ಬಂತು. ನಿಲ್ಲಿಸಿದ್ದೇ ತಪ್ಪಾಗಿತ್ತು. ಇವನನ್ನು ನಿಲ್ಲಿಸಬಾರದು. ತನ್ನ ಸುಳ್ಳೂ ಇದರೊಂದಿಗೆ ಬಯಲಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಬಯಲಾಗಲಿ, ಮುಚ್ಚಿಡುವಂಥದ್ದನ್ನು ಆಗಲೇ ಕೂಗಿಯಾಗಿತ್ತು.

ಫೋನು ತೆಗೆದು ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಚಕ್ರ ಮಾಯವಾಯಿತು. ಡಿಸ್‌ಪ್ಲೇಯ ಕೆಳಗಿನ ಕೆಂಪು ಗೆರೆಯನ್ನು ಬೆರಳಿನಿಂದ ಹಿಂದಕ್ಕೆಳೆದು, ಅಣ್ಣ ಮೈಕಿನ ಮುಂದೆ ಬಂದು ನಿಲ್ಲುವ ಜಾಗಕ್ಕೆ ತಂದಿಟ್ಟಳು. ದನಿಯನ್ನು ಪೂರ್ತಿ ಏರಿಸಿ, ದೊಡ್ಡಮ್ಮನ ಕುರ್ಚಿಯನ್ನು ಎಡಗಿವಿ ಆ ಕಡೆಗೆ ಬರುವಂತೆ ತಿರುಗಿಸಿದಳು.

"ಸರಿಯಾಯ್ತೇನೇ?" ಎಂದರು ಅತ್ತಿಗೆ ಸಂಭ್ರಮದಿಂದ. ಮೇಜಿನ ಮೇಲಿದ್ದ ಫೋನಿನಿಂದ ಅಣ್ಣ, "ಏನಾಯ್ತು? ಏನು ಸರಿಯಾಯ್ತು?" ಎನ್ನುತ್ತಿದ್ದ.

"ಅಣ್ಣ, ಫೋನ್ ಇಡ್ಬೇಡ. ನೀನೂ ಕೇಳು" ಎಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ಸರಿಯಾಯ್ತು ಅತ್ತಿಗೆ. ಎಲ್ರೂ ಕೂತ್ಕೊಳ್ಳಿ. ಇನ್ನು ಎಲ್ಲೂ ನಿಲ್ಲಲ್ಲ, ಕೊನೇವರೆಗೂ ಬರತ್ತೆ."